ಚುಕ್ಕೆ ಕಂಡರೆ ಸಾಲದು: ಸೈನಿಕ ರೈಫಲ್‌ಗೆ ರೆಡ್ ಡಾಟ್ ಸೈಟ್ ಕೂರಿಸಿ ಝೀರೋ ಮಾಡುವ ಸಮಗ್ರ ಮಾರ್ಗದರ್ಶಿ

ಸಿನಿಮಾದಲ್ಲಿ ಖಳನ ಎದೆಯ ಮೇಲೆ ಓಡಾಡುವ ಕೆಂಪು ಬೆಳಕು ಲೇಸರ್. ರೆಡ್ ಡಾಟ್ ಸೈಟ್, ಅಂದರೆ ರೈಫಲಿನ ಮೇಲೆ ಕೂರುವ ಗುರಿ ಹಿಡಿಯುವ ಸಾಧನ, ಅದಲ್ಲ. ಇದರ ಚುಕ್ಕೆ ಗುರಿಯ ಮೇಲೆ ಬೀಳುವುದೇ ಇಲ್ಲ, ಕಾಣುವುದು ಗುಂಡು ಹಾರಿಸುವವರ ಕಣ್ಣಿಗೆ ಮಾತ್ರ. ಕೊಳವೆಯೊಳಗೆ ಹಿಂಭಾಗದ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಎಲ್‌ಇಡಿ ಇರುತ್ತದೆ. ಅದರ ಬೆಳಕು ಮುಂದಿನ ಬಾಗಿದ ಗಾಜಿಗೆ ಬಡಿಯುತ್ತದೆ. ಆ ಗಾಜಿಗೆ ಕೆಂಪು ಬಣ್ಣವನ್ನಷ್ಟೇ ಹಿಂದಕ್ಕೆ ತಿರುಗಿಸುವ ಲೇಪನವಿದೆ, ಉಳಿದ ಬಣ್ಣಗಳು ಹಾದುಹೋಗುತ್ತವೆ. ಹಾಗಾಗಿಯೇ ಸೈಟ್ ಮೂಲಕ ನೋಡಿದರೆ ಲೋಕ ಒಂಚೂರು ನೀಲಿಯಾಗಿ ಕಾಣುವುದು. ಹಿಂತಿರುಗಿದ ಕಿರಣಗಳು ಸಮಾನಾಂತರವಾಗಿ ಬರುವುದರಿಂದ ಚುಕ್ಕೆ ಬಲು ದೂರದಲ್ಲಿ ತೇಲುತ್ತಿರುವಂತೆ ಅನಿಸುತ್ತದೆ. ಕಣ್ಣು ಗುರಿಯನ್ನೂ ಚುಕ್ಕೆಯನ್ನೂ ಒಟ್ಟಿಗೇ ಸ್ಪಷ್ಟವಾಗಿ ಹಿಡಿಯಬಲ್ಲದು. ಕಬ್ಬಿಣದ ಸೈಟಿನಲ್ಲಿ ಹಿಂದಿನ ತೂತು, ಮುಂದಿನ ಮೊಳೆ, ಗುರಿ ಮೂರನ್ನೂ ಒಂದೇ ಗೆರೆಗೆ ತರುವ ಒದ್ದಾಟ ಇಲ್ಲಿಲ್ಲ.

ಈ ಸುಲಭವೇ ಒಂದು ಬಲೆ. ಚುಕ್ಕೆ ಉರಿಯುತ್ತಿದೆ, ಗುರಿಯ ಮೇಲೆ ಕೂತಿದೆ, ಆದ್ದರಿಂದ ಗುಂಡು ಅಲ್ಲಿಗೇ ಹೋಗುತ್ತದೆ ಎಂದು ನಂಬುವುದು ಸಹಜ. ಗೊತ್ತಾದ ದೂರದಲ್ಲಿ ಹಾಗೆ ಹೋಗುವಂತೆ ಹೊಂದಿಸುವುದೇ ಝೀರೋ ಮಾಡುವುದು. ಸೈಟನ್ನು ರೈಫಲಿಗೆ ಹಿಡಿದಿಡುವ ಮೌಂಟಿನ ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೂ ಚುಕ್ಕೆ ಅಷ್ಟೇ ಚೆಂದ ಉರಿಯುತ್ತದೆ. "ಸೈಟ್ ಕೆಟ್ಟಿದೆ" ಎಂದು ವಾಪಸು ಬರುವವುಗಳಲ್ಲಿ ಬಹುಪಾಲು ಮೌಂಟ್ ಕೆಟ್ಟವು, ಇಲ್ಲವೇ ಲೆಕ್ಕ ತಪ್ಪಿದವು.

ಇಲ್ಲಿನ ಅಳತೆಗಳೆಲ್ಲ ಒಂದು ನಿರ್ದಿಷ್ಟ ಜೋಡಿಗೆ ಸೇರಿದವು: ಎಂ4 ಕಾರ್ಬೈನ್, ಅದರ ಮೇಲೆ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯ ಕಾಂಪ್ಎಂ4, ಒಳಗೆ 5.56 ಮಿ.ಮೀ. ಎಂ855 ಗುಂಡು. ಈ ಕಂಪನಿಯ ಮೊದಲ ಎಲೆಕ್ಟ್ರಾನಿಕ್ ರೆಡ್ ಡಾಟ್ ಬಂದದ್ದು 1975ರಲ್ಲಿ. ಅಮೆರಿಕದ ಭೂಸೇನೆ 1997ರಲ್ಲಿ ಎಂ68 ಎಂಬ ಹೆಸರಿನಲ್ಲಿ ಅದರ ಸೈಟನ್ನು ಒಪ್ಪಿಕೊಂಡಿತು, ಕಾಂಪ್ಎಂ4 ಅದೇ ಸಾಲಿನ ಮುಂದಿನ ತಲೆಮಾರು. ನಮ್ಮ ಸೇನೆ 2019ರಲ್ಲಿ 72,400 ತರಿಸಿಕೊಂಡ ಸಿಗ್716ರಂಥ 7.62 ಮಿ.ಮೀ. ರೈಫಲ್ ಕೈಯಲ್ಲಿದ್ದರೆ ಕ್ರಮವೆಲ್ಲ ಇದೇ, ಆದರೆ ಗುಂಡಿನ ಏರಿಳಿತದ ಅಂಕಿಗಳನ್ನು ಆ ಗುಂಡಿನ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಭಾರತದಲ್ಲಿ ಇಂಥ ರೈಫಲ್ ಖಾಸಗಿಯವರ ಕೈಗೆ ಬರುವಂಥದ್ದಲ್ಲ. ಇದು ಸೇನೆ, ಅರೆಸೇನಾ ಪಡೆ, ಪೊಲೀಸ್ ಪಡೆಗಳಲ್ಲಿರುವವರಿಗೆ ಮತ್ತು ಕಾನೂನು ಒಪ್ಪುವ ದೇಶಗಳಲ್ಲಿ ಇದೇ ಅಚ್ಚಿನ ರೈಫಲ್ ಇಟ್ಟುಕೊಂಡ ಕನ್ನಡಿಗರಿಗೆ ಉಪಯೋಗಕ್ಕೆ ಬರುವ ವಿಷಯ.

ಮೊದಲು ಕಣ್ಣು ಪರೀಕ್ಷೆ

ಸೈಟ್ ಆನ್ ಮಾಡಿ ಗೋಡೆಯ ಕಡೆ ನೋಡಿ. ಚುಕ್ಕೆ ದುಂಡಗಿದೆಯೋ, ಬಾಲ ಬಂದ ಅಲ್ಪವಿರಾಮದ ಹಾಗಿದೆಯೋ, ದ್ರಾಕ್ಷಿ ಗೊಂಚಲಿನ ಹಾಗಿದೆಯೋ? ಸೊಟ್ಟಗೆ ಕಂಡರೆ ಸೈಟನ್ನು ಬಯ್ಯುವ ಮೊದಲು ಅದನ್ನು ಕೈಯಲ್ಲಿ ಹಿಡಿದು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗಿಸಿ. ಸೈಟ್ ತಿರುಗಿದಂತೆ ಬಾಲವೂ ತಿರುಗಿದರೆ ದೋಷ ಸೈಟಿನದು. ಸೈಟ್ ತಿರುಗಿದರೂ ಬಾಲ ಇದ್ದ ದಿಕ್ಕಿನಲ್ಲೇ ನಿಂತಿದ್ದರೆ ದೋಷ ನಿಮ್ಮ ಕಣ್ಣಿನದು, ಅಸ್ಟಿಗ್ಮ್ಯಾಟಿಸಂ. ಇನ್ನೊಂದು ದಾರಿ, ಮೊಬೈಲ್ ಕ್ಯಾಮೆರಾದಿಂದ ಸೈಟ್ ಮೂಲಕ ಫೋಟೊ ತೆಗೆಯುವುದು. ಫೋಟೊದಲ್ಲಿ ಚುಕ್ಕೆ ದುಂಡಗಿದ್ದರೆ ಕನ್ನಡಕದ ಅಂಗಡಿಗೆ ಹೋಗಬೇಕಾದವರು ನೀವು.

ಕಣ್ಣಿನ ದೋಷವಿದ್ದವರು ಬೆಳಕನ್ನು ತಗ್ಗಿಸಿದರೆ ಚುಕ್ಕೆಯ ಹರಡುವಿಕೆ ಬಹಳ ಮಟ್ಟಿಗೆ ಇಳಿಯುತ್ತದೆ. ಝೀರೋ ಮಾಡುವ ಹೊತ್ತಿನಲ್ಲಿ ಹಿಂದಿನ ಕಬ್ಬಿಣದ ಸೈಟ್ ಎತ್ತಿ ಅದರ ಸಣ್ಣ ತೂತಿನ ಮೂಲಕ ನೋಡಿದರೆ ಚುಕ್ಕೆ ಮತ್ತೆ ದುಂಡಗಾಗುತ್ತದೆ.

ಬ್ಯಾಟರಿ

ಕಾಂಪ್ಎಂ4ಗೆ ಒಂದೇ ಒಂದು ಎಎ ಬ್ಯಾಟರಿ ಸಾಕು. ಸ್ವಿಚ್ಚಿನ 12ನೇ ಹಂತದಲ್ಲಿ 80,000 ಗಂಟೆ ಉರಿಯುತ್ತದೆ ಎಂಬುದು ಕಂಪನಿಯ ಲೆಕ್ಕ, ಅಂದರೆ 8 ವರ್ಷಕ್ಕೂ ಹೆಚ್ಚು. ಅದಕ್ಕೇ ಇದನ್ನು ಆಫ್ ಮಾಡದೆ ಸದಾ ಉರಿಸಿಡುವುದು ವಾಡಿಕೆ, ಬೇಕಾದ ಗಳಿಗೆಯಲ್ಲಿ ಸ್ವಿಚ್ ಹುಡುಕುವ ಕೆಲಸವಿಲ್ಲ. ಆದರೆ ಬ್ಯಾಟರಿಯನ್ನು 8 ವರ್ಷ ಒಳಗೇ ಬಿಡಬೇಡಿ. ಸಾಮಾನ್ಯ ಆಲ್ಕಲೈನ್ ಬ್ಯಾಟರಿ ಅದಕ್ಕೆ ಎಷ್ಟೋ ಮೊದಲೇ ಒಸರಿ ಸ್ಪ್ರಿಂಗ್ ಮೇಲೆ ಬಿಳಿ ಹುಡಿ ಕಟ್ಟುತ್ತದೆ. ಲಿಥಿಯಂ ಎಎ ಹಾಕಿ, ವರ್ಷಕ್ಕೊಮ್ಮೆ ನೆನಪಿರುವ ಒಂದು ದಿನ ಗೊತ್ತುಮಾಡಿಕೊಂಡು ಬದಲಿಸಿ. ಮುಚ್ಚಳದ ರಬ್ಬರ್ ಉಂಗುರ ಮಡಿಚಿಕೊಂಡಿದೆಯೇ ನೋಡಿ. ನೀರು ಒಳಗೆ ಹೋಗುವುದು ಗಾಜಿನಿಂದಲ್ಲ, ಇಲ್ಲಿಂದ.

ಸಿಆರ್2032 ನಾಣ್ಯ ಬ್ಯಾಟರಿಯ ಸಣ್ಣ ಸೈಟುಗಳಲ್ಲಿ ವಿಚಿತ್ರ ತೊಂದರೆಯೊಂದಿದೆ. ಮಕ್ಕಳು ನುಂಗದಿರಲಿ ಎಂದು ಕೆಲವು ನಾಣ್ಯ ಬ್ಯಾಟರಿಗಳಿಗೆ ಕಹಿ ಲೇಪನ ಬಳಿದಿರುತ್ತಾರೆ. ಆ ಲೇಪನ ವಿದ್ಯುತ್ತಿಗೆ ಅಡ್ಡ ಬಂದು ಹೊಸ ಬ್ಯಾಟರಿ ಹಾಕಿದರೂ ಚುಕ್ಕೆ ಮಿಣುಕುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ತಿಕ್ಕಿ ಹಾಕಿ, ಇಲ್ಲವೇ ಲೇಪನವಿಲ್ಲದ್ದನ್ನೇ ತನ್ನಿ.

ಚುಕ್ಕೆಯೇ ಕಾಣದಿದ್ದರೆ? ಕಾಂಪ್ಎಂ4ರ ಸ್ವಿಚ್ಚಿನಲ್ಲಿ 16 ಹಂತಗಳಿವೆ. ಕೆಳಗಿನ 7 ಹಂತಗಳು ರಾತ್ರಿ ನೋಡುವ ಉಪಕರಣದ ಜೊತೆ ಬಳಸಲಿಕ್ಕೆ, ಹಗಲಲ್ಲಿ ಬರಿಗಣ್ಣಿಗೆ ಕಾಣವು. "ಡೆಡ್ ಆಗಿದೆ" ಎಂದು ಸ್ಟೋರಿಗೆ ಮರಳಿಸಿದ ಸೈಟ್ 5ನೇ ಹಂತದಲ್ಲಿ ಸದ್ದಿಲ್ಲದೆ ಉರಿಯುತ್ತಿರುವುದುಂಟು.

ಮೌಂಟ್: ಕೆಲಸದ ಅರ್ಧ ಇಲ್ಲೇ

ಮ್ಯಾಗಝೀನ್ ತೆಗೆಯಿರಿ, ಬೋಲ್ಟ್ ಹಿಂದಕ್ಕೆಳೆದು ನಿಲ್ಲಿಸಿ. ಚೇಂಬರ್ ಖಾಲಿ ಇದೆಯೇ ಎಂದು ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಗುಂಡುಗಳ ಪೆಟ್ಟಿಗೆ ಆ ಮೇಜಿನ ಮೇಲೆ ಇರಲೇಬಾರದು.

ಎಂ4ರ ಬೆನ್ನ ಮೇಲಿರುವ ಹಲ್ಲುಹಲ್ಲಾದ ಪಟ್ಟಿಯೇ ಪಿಕಟಿನಿ ರೇಲ್. ಅದರ ಅಡ್ಡ ಕಂಡಿಗಳ ಅಗಲ 5.23 ಮಿ.ಮೀ., ಒಂದು ಕಂಡಿಯಿಂದ ಇನ್ನೊಂದಕ್ಕೆ ಸುಮಾರು 10 ಮಿ.ಮೀ. ಮೌಂಟನ್ನು ಪೂರ್ತಿಯಾಗಿ ರಿಸೀವರ್ (ಬೋಲ್ಟ್ ಓಡಾಡುವ ಒಡಲು) ಮೇಲಿನ ರೇಲಿನಲ್ಲೇ ಕೂರಿಸಿ. ಅರ್ಧ ರಿಸೀವರ್ ಮೇಲೆ, ಅರ್ಧ ಮುಂದೆ ನಳಿಗೆಯನ್ನು ಸುತ್ತುವರಿದ ಹ್ಯಾಂಡ್‌ಗಾರ್ಡ್ ಮೇಲೆ ಬರುವಂತೆ ಹಾಕಿದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಬ್ಯಾರೆಲ್ ಕಾದು ಹ್ಯಾಂಡ್‌ಗಾರ್ಡ್ ಕೂದಲೆಳೆಯಷ್ಟು ಅಲುಗಿದರೂ ಝೀರೋ ಹಾಳು.

ರೇಲ್ ಮತ್ತು ಮೌಂಟಿನ ದವಡೆಯಲ್ಲಿ ಎಣ್ಣೆ ಇರದಂತೆ ಸ್ಪಿರಿಟ್‌ನಿಂದ ಒರೆಸಿ. ಮೌಂಟಿನ ತಳದಲ್ಲಿರುವ ಅಡ್ಡ ಕಟ್ಟೆ ಕಂಡಿಯೊಳಗೆ ಇಳಿಯಲಿ. ಬಿಗಿಮಾಡುವ ಮೊದಲು ಇಡೀ ಸೈಟನ್ನು ನಳಿಗೆಯ ಬಾಯಿಯ ಕಡೆಗೆ ಒತ್ತಿ ಹಿಡಿಯಿರಿ. ಎಷ್ಟೋ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಮೇಲೆ ಕೂತ ಸೈಟ್ ಇದ್ದಲ್ಲೇ ಇರಲು ನೋಡುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ಕತೆ ದಿಕ್ಕು ಬದಲಾಗಿ. ಮುಂದೆ ಸಂದಿ ಉಳಿದಿದ್ದರೆ ಮೊದಲ ಹತ್ತಿಪ್ಪತ್ತು ಗುಂಡುಗಳಲ್ಲಿ ಸೈಟ್ ಆ ಸಂದಿಯನ್ನು ತುಂಬಿಕೊಳ್ಳಲು ಜರುಗುತ್ತದೆ, ಅದರ ಜೊತೆ ಕಾಗದದ ಮೇಲಿನ ನಿಮ್ಮ ಗುಂಡಿನ ತೂತುಗಳ ಗುಂಪೂ ಜರುಗುತ್ತದೆ.

ಕಾಂಪ್ಎಂ4ರ ಜೊತೆ ಬರುವ ಮೌಂಟಿನ ತಿರುಪು ಗುಂಡಿಗೆ ಬಿಗಿತದ ಮಿತಿ ಒಳಗೇ ಇದೆ. ಕೈಯಿಂದ ತಿರುಗಿಸುತ್ತ ಹೋಗಿ, ಸಾಕಷ್ಟು ಬಿಗಿಯಾದಾಗ ಟಕ್ ಟಕ್ ಎಂದು ಜಾರುತ್ತದೆ. ಎರಡು ಮೂರು ಸಲ ಆ ಸದ್ದು ಕೇಳಿಸಿದರೆ ಆಯಿತು. ಇಕ್ಕಳ ಹಾಕಿ ಇನ್ನೂ ಒಂದು ಸುತ್ತು ಎಂದು ಹೋಗಬೇಡಿ. ಬೇರೆ ಮೌಂಟಾದರೆ ತಯಾರಕರು ಹೇಳಿದ ಬಿಗಿತಕ್ಕೆ, ಅಂದರೆ ಟಾರ್ಕ್‌ಗೆ ಟಾರ್ಕ್ ರೆಂಚಿನಿಂದಲೇ ಬಿಗಿಮಾಡಬೇಕು. ಸೈಟನ್ನು ಮೌಂಟಿಗೆ ಸೇರಿಸುವ ಸ್ಕ್ರೂಗಳಿಗೆ ಒಂದೊಂದು ಹನಿ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಸಾಕು. ಕೆಂಪನ್ನು ಮುಟ್ಟಬೇಡಿ, ಮುಂದೆ ಬಿಚ್ಚಲು ಕಾಯಿಸಬೇಕಾಗುತ್ತದೆ, ಆ ಬಿಸಿ ಎಲೆಕ್ಟ್ರಾನಿಕ್ಸಿಗೆ ಒಳ್ಳೆಯದಲ್ಲ. ಕೊನೆಗೆ ಬಿಳಿ ಪೇಂಟ್ ಪೆನ್ನಿನಿಂದ ಸ್ಕ್ರೂ ತಲೆಯಿಂದ ಮೌಂಟಿನವರೆಗೆ ಒಂದೇ ಗೆರೆ ಎಳೆಯಿರಿ. ಗೆರೆ ಮುರಿದು ಕಂಡ ದಿನ ಸ್ಕ್ರೂ ಸಡಿಲವಾಗಿದೆ ಎಂದು ತಿಳಿಯಲು ಬೇರೆ ಉಪಕರಣ ಬೇಡ. ಎಷ್ಟನೇ ಕಂಡಿಯಲ್ಲಿ ಕೂರಿಸಿದಿರಿ ಎಂದೂ ಬರೆದಿಡಿ.

ಸೈಟಿನ ಎತ್ತರ ಕಬ್ಬಿಣದ ಸೈಟಿನ ಗೆರೆಗೆ ಸರಿಹೊಂದುವಂತೆ ಇಟ್ಟರೆ ನಳಿಗೆಯ ನಡುವಿನಿಂದ ಚುಕ್ಕೆಯ ನಡುವಿಗೆ ಸುಮಾರು 6.6 ಸೆಂ.ಮೀ. ಆಗುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಈ 6.6 ತಳಪಾಯ. ಎತ್ತರ ಬೇರೆಯಾದರೆ ಹತ್ತಿರದ ಅಂಕಿಗಳೂ ಬೇರೆಯಾಗುತ್ತವೆ.

ಝೀರೋ: ಎಲ್ಲಿ ಎಣಿಸಬೇಕು, ಎಲ್ಲಿಂದ ಎಣಿಸಬೇಕು

ಗುಂಡು ನಳಿಗೆಯಿಂದ ಹೊರಡುವುದು ಚುಕ್ಕೆಯ ಗೆರೆಗಿಂತ 6.6 ಸೆಂ.ಮೀ. ಕೆಳಗೆ. ನಳಿಗೆ ಕೊಂಚ ಮೇಲ್ಮುಖವಾಗಿರುವುದರಿಂದ ಅದು ಏರಿ ನೋಟದ ಗೆರೆಯನ್ನು ದಾಟಿ, ಆಮೇಲೆ ಇಳಿದು ಮತ್ತೆ ದಾಟುತ್ತದೆ. ಎಂ4ರಲ್ಲಿ 50 ಮೀಟರಿಗೆ ಝೀರೋ ಮಾಡಿದರೆ ಎರಡನೇ ದಾಟು ಸುಮಾರು 200 ಮೀಟರಿನಲ್ಲಿ ಬರುತ್ತದೆ. ಆ ನಡುವೆ ಗುಂಡು ಚುಕ್ಕೆಗಿಂತ ಒಂದೆರಡು ಅಂಗುಲಕ್ಕಿಂತ ಮೇಲೇಳುವುದಿಲ್ಲ. ರೆಡ್ ಡಾಟ್‌ಗೆ ಇದಕ್ಕಿಂತ ಅನುಕೂಲದ ಝೀರೋ ಇಲ್ಲ ಎಂದೇ ಹೇಳಬೇಕು. ಅಮೆರಿಕದ ಸೇನೆ ಬಹುಕಾಲ ಪಾಲಿಸಿದ 300 ಮೀಟರ್ ಝೀರೋ ದೂರದ ಬಯಲಿಗೆ ಸರಿ, ಹತ್ತಿರದ ಸಣ್ಣ ಗುರಿಗೆ ಗುಂಡು ಮೇಲೆ ಹಾರುತ್ತದೆ.

50 ಮೀಟರ್ ಝೀರೋದಲ್ಲಿ ಅಂಕಿಗಳು ಸರಿಸುಮಾರು ಹೀಗೆ. 7 ಮೀಟರಿನಲ್ಲಿ ಗುಂಡು ಚುಕ್ಕೆಗಿಂತ 5.5 ಸೆಂ.ಮೀ. ಕೆಳಗೆ, 25 ಮೀಟರಿನಲ್ಲಿ 3 ಸೆಂ.ಮೀ. ಕೆಳಗೆ, 100 ಮೀಟರಿನಲ್ಲಿ 3 ಸೆಂ.ಮೀ. ಮೇಲೆ. 300 ಮೀಟರಿಗೆ ಗೇಣಿಗಿಂತ ತುಸು ಹೆಚ್ಚು ಕೆಳಗೆ.

ಕಾಂಪ್ಎಂ4ರಲ್ಲಿ ಚುಕ್ಕೆಯನ್ನು ಸರಿಸುವ ಸ್ಕ್ರೂವಿನ ಒಂದು ಕ್ಲಿಕ್ಕಿಗೆ ಗುಂಡು ಬೀಳುವ ಜಾಗ 100 ಮೀಟರಿನಲ್ಲಿ 16 ಮಿ.ಮೀ. ಸರಿಯುತ್ತದೆ. 50 ಮೀಟರಿನಲ್ಲಿ 8, 25ರಲ್ಲಿ 4. ಈ ಮೂರು ಅಂಕಿಗಳನ್ನು ಮ್ಯಾಗಝೀನಿನ ಮೇಲೆ ಟೇಪ್ ಅಂಟಿಸಿ ಬರೆದುಕೊಂಡರೂ ನಾಚಿಕೆಯಿಲ್ಲ.

1. ಕಬ್ಬಿಣದ ಸೈಟಿಗೆ ಮೊದಲೇ ಝೀರೋ ಆಗಿದ್ದರೆ ಅದನ್ನೆತ್ತಿ ಚುಕ್ಕೆಯನ್ನು ಮುಂದಿನ ಮೊಳೆಯ ತುದಿಗೆ ತನ್ನಿ. ಇದು ಕಾಗದದ ಮೇಲೆ ಗುಂಡು ಬೀಳಲಿ ಎಂಬುದಕ್ಕಷ್ಟೇ. ಇಲ್ಲಿಗೇ ಝೀರೋ ಆಯಿತು ಎಂದು ಎದ್ದು ಹೋಗುವವರಿದ್ದಾರೆ. ಆಗಿಲ್ಲ.

2. ದೂರ ಅಳೆಯಿರಿ. ಗಜದಲ್ಲಿ ಕಟ್ಟಿದ ರೇಂಜ್‌ಗಳಿವೆ, 25 ಗಜವೆಂದರೆ 22.9 ಮೀಟರ್. ಮೊದಲ ಗುಂಪಿಗೆ 25 ಮೀಟರ್ ಸಾಕು.

3. ಮಲಗಿ ಹಾರಿಸಿ. ಮರಳಿನ ಚೀಲ ಹ್ಯಾಂಡ್‌ಗಾರ್ಡ್ ಕೆಳಗಿರಲಿ, ನಳಿಗೆಗೆ ತಾಗಕೂಡದು. ನಳಿಗೆಯನ್ನೇ ಚೀಲದ ಮೇಲಿಟ್ಟರೆ ಅದು ಬಾಗಿ ಗುಂಪು ಮೇಲೆ ಹೋಗುತ್ತದೆ. ಮ್ಯಾಗಝೀನ್ ನೆಲಕ್ಕೆ ಊರಿದರೆ ತಪ್ಪಿಲ್ಲ, ಆದರೆ ಪ್ರತಿ ಗುಂಡಿಗೂ ಹಾಗೇ ಊರಿರಬೇಕು.

4. ಚುಕ್ಕೆಯ ಬೆಳಕನ್ನು ಗುರಿಯ ಮೇಲೆ ಇನ್ನೇನು ಕಾಣುವಷ್ಟಕ್ಕೆ ಇಳಿಸಿ. ಈ ಸೈಟಿನ ಚುಕ್ಕೆ 2 ಎಂಓಎ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು 1 ಎಂಓಎ), 25 ಮೀಟರಿನಲ್ಲಿ ಒಂದೂವರೆ ಸೆಂ.ಮೀ. ಅಗಲ. ಬೆಳಕು ಜಾಸ್ತಿಯಾದರೆ ಅದೇ ಚುಕ್ಕೆ ಕಾಸಗಲ ಹರಡಿ, ನಡು ಎಲ್ಲಿದೆ ಎಂಬುದು ನಿಮಗೇ ತಿಳಿಯದು.

5. 5 ಗುಂಡು ಹಾರಿಸಿ, ಒಂದೇ ಜಾಗಕ್ಕೆ ಗುರಿಯಿಟ್ಟು. ಮೂರಾದರೆ ಅದೃಷ್ಟ ಎಷ್ಟು, ಕೈ ಎಷ್ಟು ಎಂದು ಬೇರ್ಪಡಿಸಲಾಗುವುದಿಲ್ಲ. ಮಧ್ಯೆ ಕ್ಲಿಕ್ ತಿರುಗಿಸಬೇಡಿ. ಐದೂ 4 ಸೆಂ.ಮೀ. ವೃತ್ತದೊಳಗೆ ಬರದಿದ್ದರೆ ಸೈಟ್ ಮುಟ್ಟುವ ಹೊತ್ತಲ್ಲ ಅದು, ಟ್ರಿಗರ್ ಮತ್ತು ಉಸಿರು ಸರಿಮಾಡಿಕೊಳ್ಳುವ ಹೊತ್ತು.

6. ಗುಂಪಿನ ನಡುವನ್ನು ಗುರುತಿಸಿ ಅಳೆಯಿರಿ.

ಈಗ ಲೆಕ್ಕ. ಗುರಿಯಿಟ್ಟ ಜಾಗದಿಂದ ಗುಂಪಿನ ನಡು 6.2 ಸೆಂ.ಮೀ. ಕೆಳಗೆ, 2 ಸೆಂ.ಮೀ. ಎಡಕ್ಕೆ ಬಿದ್ದಿದೆ ಅನ್ನಿ. ನಮಗೆ ಬೇಕಾದದ್ದು ಗುರಿಯ ಜಾಗದಲ್ಲಲ್ಲ, 3 ಸೆಂ.ಮೀ. ಕೆಳಗೆ. ಅಂದರೆ ಮೇಲೇರಿಸಬೇಕಾದದ್ದು 3.2 ಸೆಂ.ಮೀ., ಎಂದರೆ 32 ಮಿ.ಮೀ. ಅದನ್ನು 4ರಿಂದ ಭಾಗಿಸಿದರೆ 8 ಕ್ಲಿಕ್ ಮೇಲೆ. ಬಲಕ್ಕೆ 20 ಮಿ.ಮೀ., 5 ಕ್ಲಿಕ್.

ಇದೇ ಜಾಗದಲ್ಲಿ ಹತ್ತರಲ್ಲಿ ನಾಲ್ವರು ಎಡವುತ್ತಾರೆ ಎಂದರೆ ಉತ್ಪ್ರೇಕ್ಷೆಯಿರಬಹುದು, ಆದರೆ ಎಡವುವ ಜಾಗವಂತೂ ಇದೇ. 6.2 ಸೆಂ.ಮೀ. ಪೂರ್ತಿ ಏರಿಸಿ 25 ಮೀಟರಿನಲ್ಲಿ ಗುಂಡು ಸರಿಯಾಗಿ ನಡುವಿಗೆ ಬೀಳುವಂತೆ ಮಾಡಿ ಖುಷಿಯಿಂದ ಹೊರಟರೆ, ಏಳೆಂಟು ಕ್ಲಿಕ್ ಹೆಚ್ಚಾಗಿ ಹೋಗಿರುತ್ತದೆ. 100 ಮೀಟರಿನಲ್ಲಿ ಗುಂಡು 15 ಸೆಂ.ಮೀ. ಮೇಲೆ, 200ರಲ್ಲಿ ಗೇಣುದ್ದ ಮೇಲೆ. ಕಾಗದದ ಮೇಲೆ ಚೆಂದ ಕಂಡದ್ದು ಬಯಲಲ್ಲಿ ತಲೆಯ ಮೇಲೆ ಹಾರಿಹೋಗುತ್ತದೆ.

ಸ್ಕ್ರೂ ತಿರುಗಿಸಲು ಸ್ಕ್ರೂಡ್ರೈವರ್ ಬೇಡ. ಕಾಂಪ್ಎಂ4ರಲ್ಲಿ ಆ ಸ್ಕ್ರೂವಿನ ಮೇಲಿನ ಮುಚ್ಚಳ ಬಿಚ್ಚಿ ತಲೆಕೆಳಗು ಮಾಡಿದರೆ ಅದರ ಮೇಲಿನ ಹಲ್ಲುಗಳೇ ಸ್ಕ್ರೂವಿನ ಕುಳಿಗಳಿಗೆ ಕೂರುತ್ತವೆ. ಬಾಣದ ಗುರುತು ತೋರಿಸುವುದು ಗುಂಡು ಸರಿಯುವ ದಿಕ್ಕನ್ನು, ಚುಕ್ಕೆ ಸರಿಯುವ ದಿಕ್ಕನ್ನಲ್ಲ. ಬಲಕ್ಕೆ ತಿರುಗಿಸುವಾಗ ಗಾಜಿನೊಳಗೆ ನೋಡಿದರೆ ಚುಕ್ಕೆ ಎಡಕ್ಕೆ ಹೋಗುತ್ತಿರುತ್ತದೆ. ಗಾಬರಿಯಾಗಿ ಉಲ್ಟಾ ತಿರುಗಿಸಬೇಡಿ. ಚುಕ್ಕೆ ಎಡಕ್ಕೆ ಹೋದದ್ದಕ್ಕೇ ನೀವು ಅದನ್ನು ಗುರಿಗೆ ತರಲು ನಳಿಗೆಯನ್ನು ಬಲಕ್ಕೆ ತಿರುಗಿಸುತ್ತೀರಿ.

7. ಮತ್ತೆ 5 ಗುಂಡು. 3 ಸೆಂ.ಮೀ. ಕೆಳಗೆ ಗುಂಪು ಕೂತರೆ 50 ಮೀಟರಿಗೆ ಹೋಗಿ. ಅಲ್ಲಿ ಗುಂಪಿನ ನಡು ಚುಕ್ಕೆಯ ಮೇಲೇ ಇರಬೇಕು, ಉಳಿದದ್ದನ್ನು 8 ಮಿ.ಮೀ. ಲೆಕ್ಕದಲ್ಲಿ ತಿದ್ದಿ. 25 ಮೀಟರಿನಲ್ಲಿ 4 ಮಿ.ಮೀ. ತಪ್ಪಿದರೆ 100ಕ್ಕೆ ಅದು 16 ಮಿ.ಮೀ. ಆಗುವುದರಿಂದ ಕೊನೆಯ ಮಾತು ಯಾವತ್ತೂ 50ರದ್ದು. ಸಾಧ್ಯವಿದ್ದರೆ 100, 200 ಮೀಟರಿನಲ್ಲೂ ಹಾರಿಸಿ ನೋಡಿ. ಮೇಲಿನ ಅಂಕಿಗಳು ಲೆಕ್ಕದವು, ನಿಮ್ಮ ರೈಫಲ್ ಬರೆದುಕೊಡುವುದೇ ಅಂತಿಮ.

ಗುಂಡಿನ ಬಗೆ ಬದಲಾದರೆ ಝೀರೋ ಮತ್ತೆ ನೋಡಿ. ಎಂ855ಕ್ಕೆ ಕೂರಿಸಿದ್ದು ಬೇರೆ ತೂಕದ ಗುಂಡಿಗೆ ಹೊಂದುತ್ತದೆ ಎಂಬ ಖಾತ್ರಿಯಿಲ್ಲ.

ಬಳಕೆಯಲ್ಲಿ ಕಣ್ಣು ಎಲ್ಲಿರಬೇಕು

ಎರಡೂ ಕಣ್ಣು ತೆರೆದಿರಲಿ, ನೋಟ ಗುರಿಯ ಮೇಲಿರಲಿ. ಚುಕ್ಕೆಯನ್ನು ನೋಡಲು ಹೋದರೆ ಈ ಸೈಟಿನ ಪ್ರಯೋಜನವೇ ಹೋಯಿತು. ಎರಡು ಕಣ್ಣು ಕೊಡುವ ಚಿತ್ರಗಳನ್ನು ಮೆದುಳು ಒಂದರ ಮೇಲೊಂದು ಹೊದಿಸುತ್ತದೆ ಎಂಬುದು ಹಳೆಯ ಉಪಾಯ. 1970ರ ನವೆಂಬರಿನಲ್ಲಿ ಉತ್ತರ ವಿಯೆಟ್ನಾಮಿನ ಸೋನ್ ತೇ ಸೆರೆಶಿಬಿರದ ಮೇಲೆ ದಾಳಿ ಮಾಡಿದ ಅಮೆರಿಕನ್ನರ ರೈಫಲ್‌ಗಳ ಮೇಲೆ ಸಿಂಗಲ್‌ಪಾಯಿಂಟ್ ಎಂಬ ಸೈಟ್ ಇತ್ತು. ಅದರ ಮೂಲಕ ಮುಂದೆ ಏನೂ ಕಾಣುತ್ತಿರಲಿಲ್ಲ, ಒಂದು ಕಣ್ಣಿಗೆ ಬರೀ ಚುಕ್ಕೆ, ಇನ್ನೊಂದಕ್ಕೆ ಗುರಿ. ಕಾಂಪ್ಎಂ4ರ ಮುಂದಿನ ಮುಚ್ಚಳ ತೆಗೆಯಲು ಮರೆತಾಗಲೂ ಹೀಗೇ ಹಾರಿಸಬಹುದು. ಆದರೆ ಎರಡು ಕಣ್ಣುಗಳ ನೇರ ಎಲ್ಲರಲ್ಲೂ ಒಂದೇ ಅಲ್ಲ, ಗುಂಡು ಪಕ್ಕಕ್ಕೆ ಹೋಗುತ್ತದೆ. ಹತ್ತಿರದ ಗುರಿಗೆ ಸರಿ, ದೂರಕ್ಕೆ ನಂಬಬೇಡಿ.

"ಪ್ಯಾರಲಾಕ್ಸ್ ಇಲ್ಲವೇ ಇಲ್ಲ" ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಪ್ಯಾರಲಾಕ್ಸ್ ಎಂದರೆ ಕಣ್ಣು ಸರಿದಾಗ ಚುಕ್ಕೆಯೂ ಗುರಿಯಿಂದ ಸರಿದಂತೆ ಕಾಣುವುದು. ರೈಫಲನ್ನು ಮರಳಿನ ಚೀಲಗಳ ನಡುವೆ ಅಲುಗದಂತಿಟ್ಟು, 50 ಮೀಟರಿನ ಗುರಿಯ ಮೇಲೆ ಚುಕ್ಕೆ ಕೂರಿಸಿ, ತಲೆಯನ್ನು ಮಾತ್ರ ಮೇಲೆ ಕೆಳಗೆ ಅತ್ತಿತ್ತ ಆಡಿಸಿ. ಚುಕ್ಕೆ ಗಾಜಿನ ಅಂಚಿಗೆ ಹೋದಾಗ ಗುರಿಯಿಂದ ಎಷ್ಟು ಸರಿಯಿತು ಎಂಬುದೇ ನಿಮ್ಮ ಸೈಟಿನ ನಿಜವಾದ ಅಂಕಿ. ಈ ಮಾತು ಸಣ್ಣದಲ್ಲ. ಹೊಲೋಗ್ರಾಫಿಕ್ ಸೈಟ್ ತಯಾರಿಸುವ ಈಓಟೆಕ್‌ನ ಒಡೆತನ ಹೊಂದಿದ್ದ ಎಲ್-3 ಕಂಪನಿ, ಬಿಸಿ-ಚಳಿಗೆ ಗುರಿ ಸರಿಯುವುದನ್ನು ಮುಚ್ಚಿಟ್ಟ ಆರೋಪದ ಮೊಕದ್ದಮೆಯನ್ನು 2015ರಲ್ಲಿ ಅಮೆರಿಕ ಸರ್ಕಾರಕ್ಕೆ 2.56 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡಿತು.

ಝೀರೋ ಅಲೆದಾಡಿದರೆ

ಮೊದಲು ಬಿಳಿ ಗೆರೆ ನೋಡಿ, ಆಮೇಲೆ ಸೈಟನ್ನು ಹಿಡಿದು ಅಲುಗಿಸಿ. ಎರಡೂ ಸರಿಯಿದ್ದರೆ ಹ್ಯಾಂಡ್‌ಗಾರ್ಡ್, ಬ್ಯಾರೆಲ್ ನಟ್ಟು ಸಡಿಲವೇ ನೋಡಿ. ಅವೂ ಬಿಗಿಯಿದ್ದರೆ ಮಾತ್ರ ಸೈಟಿನ ಮೇಲೆ ಅನುಮಾನ ಪಡಿ, ಅದಕ್ಕೂ ಒಂದು ಪರೀಕ್ಷೆಯಿದೆ. 5 ಗುಂಡು ಹಾರಿಸಿ. 20 ಕ್ಲಿಕ್ ಮೇಲೆ ತಿರುಗಿಸಿ ಮತ್ತೆ ಹಾರಿಸಿ. ಆಮೇಲೆ 20 ಬಲಕ್ಕೆ, 20 ಕೆಳಕ್ಕೆ, 20 ಎಡಕ್ಕೆ, ಪ್ರತಿ ಮೂಲೆಯಲ್ಲೂ ಗುರಿಯ ಜಾಗ ಅದೇ. 50 ಮೀಟರಿನಲ್ಲಿ 16 ಸೆಂ.ಮೀ. ಬಾಹುವಿನ ಚೌಕ ಮೂಡಿ, ಕೊನೆಯ ಗುಂಪು ಮೊದಲನೆಯದರ ಮೇಲೇ ಬರಬೇಕು. ಚೌಕ ಸೊಟ್ಟಗಾದರೆ ಒಳಗಿನ ಸ್ಕ್ರೂ ಅಥವಾ ಸ್ಪ್ರಿಂಗ್ ಸೋತಿದೆ. ಅದು ಕಂಪನಿಗೆ ಕಳಿಸುವ ಕೆಲಸ, ಬಿಚ್ಚುವ ಕೆಲಸವಲ್ಲ.

ಗಾಜಿನ ಮೇಲೆ ಮೊದಲು ಗಾಳಿ ಊದಿ, ಮೆತ್ತನೆ ಬ್ರಷ್ ಆಡಿಸಿ, ಧೂಳೆಲ್ಲ ಹೋದ ಮೇಲಷ್ಟೇ ಲೆನ್ಸ್ ಬಟ್ಟೆ ಹಾಕಿ. ಅಂಗಿಯ ತುದಿಯಿಂದ ಒರೆಸಿದರೆ ಮರಳ ಕಣಗಳು ಕೆಂಪನ್ನು ಹಿಂದಿರುಗಿಸುವ ಲೇಪನವನ್ನೇ ಗೀಚುತ್ತವೆ. ಅಸಿಟೋನನ್ನು ಗಾಜಿನ ಹತ್ತಿರ ತರಬೇಡಿ. ಕೊಳವೆಯಿಲ್ಲದ ತೆರೆದ ಮಾದರಿಯ ಸೈಟಾದರೆ ಎಲ್‌ಇಡಿಯ ಕಿಂಡಿಯನ್ನೂ ನೋಡಿ. ಅಲ್ಲಿ ಒಂದು ಹನಿ ಮಳೆನೀರು ಕೂತರೂ ಚುಕ್ಕೆ ಚೂರುಚೂರಾಗುತ್ತದೆ, ಕೆಸರು ಕೂತರೆ ಚುಕ್ಕೆಯೇ ಇಲ್ಲ. ಮಡಿಚುವ ಕಬ್ಬಿಣದ ಸೈಟನ್ನು ರೈಫಲಿನಿಂದ ತೆಗೆಯದೆ, ಝೀರೋ ಮಾಡಿಯೇ ಇಟ್ಟಿರುವುದು ಇಂಥ ಹೊತ್ತಿಗೆ.